ಕಡಲು ದಾಟಿ ಹೋದ ಸಿಪಾಯಿಯ ಹೆಸರನ್ನು ಪತ್ತೆ ಹಚ್ಚಿ ಊರಲ್ಲಿ ನಿಲ್ಲಿಸುವ ಬಗೆ

ದಕ್ಷಿಣ ಭಾರತದ ಹಲವು ಊರುಗಳಲ್ಲಿ ಹಳೆಯ ಕಚೇರಿ, ಶಾಲೆ ಅಥವಾ ಚಾವಡಿಯ ಗೋಡೆಗೆ ಕೂಡಿಸಿದ ಒಂದು ಸಣ್ಣ ಕಲ್ಲಿನ ಫಲಕ ಕಾಣಸಿಗುತ್ತದೆ. ಈ ಊರಿನಿಂದ 1914–1919ರ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಕೆತ್ತಿರುತ್ತದೆ. ಅದರಲ್ಲಿರುವುದು ಸಂಖ್ಯೆ ಮಾತ್ರ, ಹೋದವರ ಹೆಸರಿಲ್ಲ. ಮೇಲೆ ನಾಲ್ಕಾರು ಸಲ ಸುಣ್ಣ ಬಳಿದಿರುತ್ತಾರೆ, ಪಕ್ಕದಲ್ಲಿ ನೋಟಿಸು ಬೋರ್ಡು ನೇತು ಹಾಕಿರುತ್ತಾರೆ.

ಆ ಯುದ್ಧಕ್ಕಾಗಿ ಅವಿಭಜಿತ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಹಡಗು ಹತ್ತಿದರು. ಸತ್ತವರು 74,000ದಷ್ಟು. ತಿಂಗಳಿಗೆ ಹನ್ನೊಂದು ರೂಪಾಯಿ ಸಂಬಳಕ್ಕೆ ಸೇರಿದ್ದ ಸಿಪಾಯಿ ಫ್ರಾನ್ಸಿನ ಕೆಸರಿನಲ್ಲೂ ಮೆಸೊಪೊಟೇಮಿಯಾದ (ಇಂದಿನ ಇರಾಕ್) ಬಿಸಿಲಲ್ಲೂ ನಾಲ್ಕು ವರ್ಷ ಕಳೆದ. ಅವನು ಮರಳುವ ಹೊತ್ತಿಗೆ ಊರಲ್ಲಿ ಇನ್‌ಫ್ಲುಯೆಂಜಾ ಹಬ್ಬಿತ್ತು. 1919ರಲ್ಲಿ ರೌಲಟ್ ಕಾಯ್ದೆ ಬಂತು, ಜಲಿಯನ್‌ವಾಲಾ ಬಾಗ್ ನಡೆಯಿತು. ಬ್ರಿಟಿಷರ ಸಮವಸ್ತ್ರ ತೊಟ್ಟವನ ಕಥೆ ಕೇಳುವ ಮನಸ್ಸು ದೇಶಕ್ಕೆ ಉಳಿಯಲಿಲ್ಲ. ಅವನನ್ನು ಕರೆದುಕೊಂಡು ಹೋದ ಸಾಮ್ರಾಜ್ಯವೂ ಅವನನ್ನು ಎಣಿಸಿತೇ ಹೊರತು ಹೆಸರು ಹಿಡಿದು ಕರೆಯಲಿಲ್ಲ. ಇರಾಕಿನ ಬಸ್ರಾ ಸ್ಮಾರಕದ ಮೇಲೆ ಅಧಿಕಾರಿಗಳ ಹೆಸರು ಕೆತ್ತಿದರು, ಸಾಮಾನ್ಯ ಸಿಪಾಯಿಗಳನ್ನು ಅವರವರ ದಳದ ಕೆಳಗೆ ಬರೀ ಅಂಕಿಯಾಗಿ ಕೆತ್ತಿದರು. ಅಲ್ಲಿನ ಅಮಾರಾ ಊರಿನ ಭಾರತೀಯ ಯುದ್ಧ ಸ್ಮಶಾನದಲ್ಲಿ ಸುಮಾರು 5,000 ಮಂದಿ ಮಲಗಿದ್ದಾರೆ, ಗುರುತು ಸಿಕ್ಕಿರುವುದು ಒಂಬತ್ತೇ ಮಂದಿಯದು, ಏಕೆಂದರೆ ಹೂಳಿದವರ ಪೂರ್ತಿ ಲೆಕ್ಕವನ್ನು ಸೈನ್ಯ ಇಡಲೇ ಇಲ್ಲ. ದನ ಕಾಯುತ್ತ ಸತ್ತವನಿಗೂ ಹೆಸರು ಕೆತ್ತಿಸಿ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಆದ್ದರಿಂದ ಈ ಅಂಕಿಗಳನ್ನು ಮತ್ತೆ ಹೆಸರಾಗಿಸುವ ಕೆಲಸ ನಮಗೆ ಹೊಸದಲ್ಲ, ಬಿಟ್ಟುಹೋದದ್ದು ಅಷ್ಟೆ.

ಮುಂದಿನದು ಆ ಕೆಲಸದ ಕ್ರಮ. ಒಬ್ಬ ಸಿಪಾಯಿಯ ಹೆಸರು ಖಚಿತವಾಗಲು ಕೆಲವು ಸಲ ಒಂದು ಸಂಜೆ ಸಾಕು, ಕೆಲವು ಸಲ ತಿಂಗಳುಗಟ್ಟಲೆ ಹಿಡಿಯುತ್ತದೆ.

ಮನೆಯ ಪೆಟ್ಟಿಗೆಯಿಂದ ಶುರು ಮಾಡಿ

ಇಂಟರ್‌ನೆಟ್ಟಿಗೆ ಹೋಗುವ ಮೊದಲು ಮನೆ ನೋಡಿ. ಹಿರಿಯರನ್ನು, ಅದರಲ್ಲೂ ಮನೆಗೆ ಸೊಸೆಯಾಗಿ ಬಂದ ಅಜ್ಜಿಯರನ್ನು ಕೇಳಿ. ಪಿಂಚಣಿ ಯಾರ ಹೆಸರಿಗೆ ಬರುತ್ತಿತ್ತು, ಯಾವ ಕಚೇರಿಯಿಂದ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. "ಯುದ್ಧಕ್ಕೆ ಹೋದವರಿದ್ದರೇ?" ಎಂದರೆ ಇಲ್ಲ ಎಂಬ ಉತ್ತರ ಬರಬಹುದು. "ಪಲ್ಟನ್ನಿನಲ್ಲಿ ಯಾರಿದ್ದರು, ರಿಸಾಲೆಯಲ್ಲಿ ಯಾರಿದ್ದರು, ಹಡಗಿನಲ್ಲಿ ಯಾರು ಹೋದರು, ಮಿಲ್ಟ್ರಿ ಪಿಂಚಣಿ ಯಾರಿಗಿತ್ತು" ಎಂದು ಬಿಡಿಬಿಡಿಯಾಗಿ ಕೇಳಿ. ಮನೆತನಕ್ಕೆ ಸೈನಿಕ ಕೋಟಾದಲ್ಲಿ ಜಮೀನು ಮಂಜೂರಾಗಿತ್ತು ಎಂದು ಯಾರಾದರೂ ಹೇಳಿದರೆ ಸರ್ವೆ ನಂಬರು ಬರೆದುಕೊಳ್ಳಿ. ದರಖಾಸ್ತು ಕಡತ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಉಳಿದಿದ್ದರೆ ಅದರಲ್ಲಿ ದಳದ ಹೆಸರು ಇರುವ ಸಂಭವವಿದೆ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಪದಕ. ಮೊದಲ ಮಹಾಯುದ್ಧದ ಪದಕಗಳ ಮೇಲೆ ಪಡೆದವನ ಸಂಖ್ಯೆ, ದರ್ಜೆ, ಹೆಸರು, ದಳ ನಾಲ್ಕನ್ನೂ ಒತ್ತಿರುತ್ತಾರೆ. ಸಾಮಾನ್ಯವಾಗಿ ಸಿಗುವುದು ಮೂರು ಬಗೆ. ಕಂಚಿನ ನಕ್ಷತ್ರದ ಹಿಂಬದಿಯಲ್ಲಿ ವಿವರ ಒತ್ತಿರುತ್ತದೆ. ಅದು ಮನೆಯಲ್ಲಿದೆ ಎಂದರೆ 1915ರ ಡಿಸೆಂಬರ್ 31ರೊಳಗೇ ಅವನು ಯುದ್ಧಭೂಮಿಯಲ್ಲಿದ್ದ ಎಂದರ್ಥ. ಎರಡನೆಯದು ರಾಜ ಐದನೇ ಜಾರ್ಜನ ತಲೆಯುಳ್ಳ ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್, ಅಗಲ 36 ಮಿಲಿಮೀಟರ್. ಇದರಲ್ಲಿ ವಿವರ ಇರುವುದು ಅಂಚಿನ ಸುತ್ತ. ಮೂರನೆಯದು ರೆಕ್ಕೆಯ ದೇವತೆ ಇರುವ ವಿಕ್ಟರಿ ಮೆಡಲ್, ಅಲ್ಲೂ ಅಂಚಿನಲ್ಲೇ. ವಾರ್ ಮೆಡಲ್ ಬೆಳ್ಳಿಯದಲ್ಲದೆ ಕಂಚಿನದಾಗಿದ್ದರೆ ಅದನ್ನು ನಕಲಿ ಎಂದು ಬದಿಗಿಡಬೇಡಿ. ಕೂಲಿ ದಳದವರು, ಹೇಸರಗತ್ತೆ ಹೊಡೆಯುವವರು, ನೀರು ಹೊರುವ ಭಿಸ್ತಿಗಳು, ಅಡುಗೆಯವರು ಮುಂತಾದ ಯುದ್ಧ ಮಾಡದ ನೌಕರರಿಗೆ ಕಂಚಿನದನ್ನೇ ಕೊಟ್ಟರು. ಕಾಲರಾ, ಬಿಸಿಲು, ಗುಂಡು ಅವರನ್ನು ಬೇರೆಯಾಗಿ ನೋಡಲಿಲ್ಲ. ಲೆಕ್ಕದಿಂದ ಅತಿ ಹೆಚ್ಚು ಬಿಟ್ಟುಹೋದವರು ಅವರೇ, ಹಾಗಾಗಿ ಅಂಥ ಪದಕ ಸಿಕ್ಕರೆ ಇನ್ನಷ್ಟು ಜೋಪಾನ ಬೇಕು.

ಹನ್ನೆರಡು ಸೆಂಟಿಮೀಟರ್ ಅಗಲದ ಭಾರವಾದ ಕಂಚಿನ ತಟ್ಟೆ, ಮೇಲೆ ಸಿಂಹ, ಪಕ್ಕದಲ್ಲಿ ತ್ರಿಶೂಲ ಹಿಡಿದ ಹೆಂಗಸು, ಚೌಕದೊಳಗೆ ಉಬ್ಬಿದ ಅಕ್ಷರದ ಹೆಸರು. ಇದು ಸತ್ತವನ ಮನೆಗೆ ಕಳಿಸಿದ ಸ್ಮರಣಫಲಕ. ಇದರಲ್ಲಿ ಬೇಕೆಂದೇ ದರ್ಜೆ, ದಳ ಹಾಕಲಿಲ್ಲ. ಹಾಗಾಗಿ ಇದೊಂದರಿಂದಲೇ ದಳ ಗೊತ್ತಾಗದು, ಆದರೆ ಅವನು ಸೇವೆಯಲ್ಲಿ ಸತ್ತ ಎಂಬುದು ಖಚಿತ.

ಇಲ್ಲಿ ಆಗುವ ಅತಿ ದೊಡ್ಡ ಅನಾಹುತ ಹುಣಸೆಹಣ್ಣು. ದೀಪಾವಳಿಗೆ ಹಿತ್ತಾಳೆ ಬೆಳಗುವಾಗ ಪದಕವನ್ನೂ ಹಾಕಿ ಉಜ್ಜಿದರೆ ಅಂಚಿನ ಅಕ್ಷರ ಸವೆದು ಹೋಗುತ್ತದೆ. ಹುಳಿ, ಬೂದಿ, ಪಾಲಿಶ್ ಯಾವುದೂ ಬೇಡ. ಒಣ ಹತ್ತಿ ಬಟ್ಟೆಯಿಂದ ಧೂಳು ಒರೆಸಿ, ಸಾಕು. ಕಪ್ಪಾದ ಬೆಳ್ಳಿ ಕಪ್ಪಾಗಿಯೇ ಇರಲಿ, ತಗ್ಗಿನಲ್ಲಿ ಕೂತ ಕಪ್ಪಿನಿಂದಲೇ ಅಕ್ಷರ ಓದಲು ಸುಲಭ. ಅಂಚು ಓದಲು ಪದಕವನ್ನು ಕಪ್ಪು ಬಟ್ಟೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಕೋಣೆಯ ದೀಪ ಆರಿಸಿ, ಟಾರ್ಚನ್ನು ಒಂದೇ ಬದಿಯಿಂದ ಓರೆಯಾಗಿ ಹಿಡಿಯಿರಿ. ಸ್ವಲ್ಪ ಸ್ವಲ್ಪ ತಿರುಗಿಸುತ್ತ ಎಂಟು ಫೋಟೊ ತೆಗೆಯಿರಿ, ಒಂದರ ಕೊನೆಯ ಅಕ್ಷರ ಮುಂದಿನದರಲ್ಲಿ ಮೊದಲು ಬರುವ ಹಾಗೆ. ಆದರೂ ಮಂಕಾಗಿದ್ದರೆ ತೆಳು ಕಾಗದವನ್ನು ಅಂಚಿಗೆ ಸುತ್ತಿ ಪೆನ್ಸಿಲ್ಲಿನ ಮಗ್ಗುಲಿನಿಂದ ಮೆಲ್ಲಗೆ ಉಜ್ಜಿ.

ಕಂಡದ್ದನ್ನು ಕಂಡ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಸಂಖ್ಯೆಯ ಬಗ್ಗೆ ಒಂದು ಮಾತು: ಆಗ ಪ್ರತಿ ದಳಕ್ಕೂ ಅದರದೇ ಸಂಖ್ಯಾಸರಣಿ ಇತ್ತು. 1532 ಎಂಬ ಸಂಖ್ಯೆ ಹತ್ತಾರು ದಳಗಳಲ್ಲಿ ಇರಬಹುದು. ದಳದ ಹೆಸರಿಲ್ಲದ ಸಂಖ್ಯೆಯಿಂದ ಉಪಯೋಗವಿಲ್ಲ.

ಹೆಸರು ಯಾವ ವೇಷದಲ್ಲಿ ಅಡಗಿದೆ

ದಾಖಲೆ ಬರೆದವನು ಕನ್ನಡ ಬಲ್ಲವನಲ್ಲ, ಕಿವಿಗೆ ಬಿದ್ದಂತೆ ಬರೆದ. ಲಿಂಗಪ್ಪ ಎಂಬಲ್ಲಿ ಎರಡು ಪಿ ಇರಬೇಕಾದ ಕಡೆ ಒಂದೇ ಇರುತ್ತದೆ. ಸಿದ್ದಯ್ಯನ ಕೊನೆ ನಾಲ್ಕು ಬಗೆಯಾಗಿ ಬರುತ್ತದೆ. ವೆಂಕಟ ಎಂಬುದು ವಿ ಬದಲು ಡಬ್ಲ್ಯುನಿಂದ ಶುರುವಾಗಬಹುದು. ತಮಿಳು ಗುಮಾಸ್ತ ಬರೆದಿದ್ದರೆ ಗೌಡ ಕೌಡನಾಗಿರಬಹುದು, ಮರಾಠಿ ಗುಮಾಸ್ತ ಬರೆದಿದ್ದರೆ ಹೆಸರಿನ ಕೊನೆಯ 'ಪ್ಪ' 'ಪಾ' ಆಗಿರಬಹುದು. ಹುಡುಕುವ ಮೊದಲೇ ಒಂದು ಹಾಳೆಯಲ್ಲಿ ನಿಮ್ಮ ಸಿಪಾಯಿಯ ಹೆಸರಿಗೆ ಹತ್ತು ಬಗೆಯ ಇಂಗ್ಲಿಷ್ ಕಾಗುಣಿತ ಬರೆದುಕೊಂಡು ಒಂದೊಂದನ್ನೇ ಹುಡುಕಿ ಹೊಡೆದುಹಾಕುತ್ತ ಹೋಗಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಬೇರೆ, ಭರ್ತಿಯಲ್ಲಿ ಕೊಟ್ಟ ಹೆಸರು ಬೇರೆ ಇರುವುದೂ ಉಂಟು.

ಊರಿನ ಹೆಸರಿಗೂ ಇದೇ ಕಥೆ. ರಾಮನಗರವನ್ನು ಕ್ಲೋಸ್‌ಪೇಟೆ ಎಂದು, ಪಾಂಡವಪುರವನ್ನು ಫ್ರೆಂಚ್ ರಾಕ್ಸ್ ಎಂದು, ಕುಶಾಲನಗರವನ್ನು ಫ್ರೇಸರ್‌ಪೇಟೆ ಎಂದು, ಮಡಿಕೇರಿಯನ್ನು ಮರ್ಕೇರಾ, ಚಿತ್ರದುರ್ಗವನ್ನು ಚಿತಲ್‌ದ್ರುಗ್, ಶ್ರೀರಂಗಪಟ್ಟಣವನ್ನು ಸೆರಿಂಗಪಟಮ್ ಎಂದು ಹುಡುಕಬೇಕು. ಚಿಕ್ಕಮಗಳೂರಿನವನ ಜಿಲ್ಲೆ ಕಡೂರು ಎಂದಿರುತ್ತದೆ. ಧಾರವಾಡ, ಬೆಳಗಾವಿ, ಬಿಜಾಪುರದವರು ಮುಂಬಯಿ ಪ್ರಾಂತ್ಯದ ಲೆಕ್ಕದಲ್ಲಿ, ಬಳ್ಳಾರಿ ಮತ್ತು ದಕ್ಷಿಣ ಕನ್ನಡದವರು ಮದ್ರಾಸ್ ಪ್ರಾಂತ್ಯದಲ್ಲಿ, ಬೀದರ, ಕಲಬುರಗಿ, ರಾಯಚೂರಿನವರು ಹೈದರಾಬಾದಿನಲ್ಲಿ ಸಿಗುತ್ತಾರೆ. ಬರೀ ಮೈಸೂರು ಎಂದು ಹುಡುಕಿ ಕೈಬಿಟ್ಟರೆ ಇಂದಿನ ಕರ್ನಾಟಕದ ಅರ್ಧ ಮಂದಿ ತಪ್ಪಿಹೋಗುತ್ತಾರೆ.

ಯಾವ ದಳ, ಇಂದು ಅದು ಎಲ್ಲಿ

ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್. ಜೋಧಪುರ, ಹೈದರಾಬಾದ್ ಲ್ಯಾನ್ಸರುಗಳ ಜೊತೆ ಒಂದೇ ಬ್ರಿಗೇಡಿನಲ್ಲಿ ಈಜಿಪ್ಟ್, ಸೂಯೆಜ್ ಕಾಲುವೆ, ಪ್ಯಾಲೆಸ್ಟೈನ್, ಸಿರಿಯಾಗಳಲ್ಲಿ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಆ ಬ್ರಿಗೇಡು ಇಂದಿನ ಇಸ್ರೇಲಿನ ಹೈಫಾ ಪಟ್ಟಣ ಹಿಡಿಯಿತು. ಈ ದಿನವನ್ನು ಕುರಿತು ಹರಿದಾಡುವ ಸಂದೇಶಗಳಲ್ಲಿ ತಪ್ಪು ಬಹಳ. ಅಂದು ಕಣಿವೆಯಲ್ಲಿ ನೇರ ನುಗ್ಗಿದ್ದು ಜೋಧಪುರದವರು, ಕಾರ್ಮೆಲ್ ಬೆಟ್ಟದ ಮೇಲಿನ ತೋಪುಗಳತ್ತ ಹತ್ತಿದ್ದು ಮೈಸೂರಿನ ಸವಾರರು. ಹೈದರಾಬಾದ್ ಲ್ಯಾನ್ಸರ್ಸ್ ಆ ದಾಳಿಯಲ್ಲಿ ಇರಲಿಲ್ಲ, ಸೆರೆಯಾಳುಗಳನ್ನು ಸಾಗಿಸುತ್ತಿತ್ತು. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆ ಮೂರು ಸಂಸ್ಥಾನಗಳಿಗೂ ಸೇರಿದ್ದು ಇಡೀ ಬ್ರಿಗೇಡಿನ ನೆನಪಿಗೆ. ಹೈಫಾದಲ್ಲೇ ಯುದ್ಧ ಮುಗಿಯಲಿಲ್ಲ ಎಂಬುದನ್ನೂ ಮರೆಯಬೇಡಿ. ಅಕ್ಟೋಬರ್ 26ರಂದು ಅಲೆಪ್ಪೊದ ಉತ್ತರಕ್ಕೆ ಹರಿತಾನ್ ಎಂಬಲ್ಲಿ ಮೈಸೂರಿನವರೂ ಜೋಧಪುರದವರೂ ಮತ್ತೆ ನುಗ್ಗಿದರು, ಯುದ್ಧವಿರಾಮಕ್ಕೆ ಕೆಲವೇ ದಿನ ಮೊದಲು. ನಿಮ್ಮ ಮನೆಯವನು ಮೈಸೂರು ಲ್ಯಾನ್ಸರ್ಸ್ ಆಗಿದ್ದರೆ ಹೈಫಾಗೆ ಒಪ್ಪಿಸಿ ಕೈತೊಳೆಯಬೇಡಿ, ಸತ್ತ ದಿನ ನೋಡಿ.

ಬೆಂಗಳೂರಿನಲ್ಲಿ ನೆಲೆಯಿದ್ದ ಎಂಜಿನಿಯರಿಂಗ್ ದಳ ಮದ್ರಾಸ್ ಸ್ಯಾಪರ್ಸ್, ಇಂದಿನ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್). ಅಂದಿನ ದಾಖಲೆಯಲ್ಲಿ ಅವರ ಹೆಸರು ಎರಡನೇ ಕ್ವೀನ್ ವಿಕ್ಟೋರಿಯಾಸ್ ಓನ್ ಸ್ಯಾಪರ್ಸ್ ಅಂಡ್ ಮೈನರ್ಸ್. ಬೆಂಗಳೂರಿನ ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ ಕೂಡುವಲ್ಲಿ ಇರುವ ಸ್ಮಾರಕ ಪಯನೀರ್ ದಳಗಳದು, ಅಂದರೆ ಸೈನ್ಯಕ್ಕೆ ದಾರಿ ಮಾಡಿಕೊಡುವ ದಳಗಳದು. ಅದರ ಪಕ್ಕದಲ್ಲೇ ದಿನವೂ ಸಾವಿರಾರು ಜನ ಸಿಗ್ನಲ್ಲಿಗೆ ಕಾಯುತ್ತಾರೆ. 61, 64, 81ನೇ ಪಯನೀರ್‌ಗಳನ್ನು 1922ರಲ್ಲಿ ಒಂದುಗೂಡಿಸಿ, 1933ರಲ್ಲಿ ಆ ದಳವನ್ನೇ ಮುಚ್ಚಿದರು. ಹಾಗಾಗಿ ಅವರ ಬಗ್ಗೆ ಕೇಳಲು ಇಂದು ರೆಜಿಮೆಂಟಲ್ ಸೆಂಟರ್ ಇಲ್ಲ. ಪಯನೀರ್ ಕುಟುಂಬಗಳಿಗೆ ಕಷ್ಟ ಹೆಚ್ಚಾಗುವುದು ಇಲ್ಲೇ.

ಉತ್ತರ ಕರ್ನಾಟಕದ ಮನೆಗಳಲ್ಲಿ ಮರಾಠಾ ದಳಗಳ ಪದಕ ಸಿಗಬಹುದು. ಇಲ್ಲಿ 1922ರ ಪುನರ್ವಿಂಗಡಣೆಯೇ ಎಲ್ಲರೂ ಎಡವುವ ಜಾಗ. ಪದಕದಲ್ಲಿ 103 ಎಂದಿದ್ದರೆ ಅದು ಆಮೇಲೆ ಮರಾಠಾ ರೆಜಿಮೆಂಟಿನ ಒಂದನೇ ಬೆಟಾಲಿಯನ್ ಆಯಿತು, 105 ಎರಡನೆಯದು, 110 ಮೂರನೆಯದು, 116 ನಾಲ್ಕನೆಯದು, 117 ಐದನೆಯದು. ಆ ಮೂರನೆಯದೇ ಇಂದಿನ ಪ್ಯಾರಾಶೂಟ್ ದಳ 2 ಪ್ಯಾರಾ. ಬೆಳಗಾವಿಯ ಮರಾಠಾ ರೆಜಿಮೆಂಟಲ್ ಸೆಂಟರಿಗೆ ಪತ್ರ ಬರೆಯುವಾಗ ಹಳೆಯ ಸಂಖ್ಯೆ, ಹೊಸ ಸಂಖ್ಯೆ ಎರಡನ್ನೂ ಬರೆಯಿರಿ. 103, 110, 117 ಈ ಮೂರೂ ಆರನೇ ಪೂನಾ ಡಿವಿಜನ್ನಿನಲ್ಲಿ ಮೆಸೊಪೊಟೇಮಿಯಾಕ್ಕೆ ಹೋಗಿ ಕುತ್ ಎಂಬ ಊರಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕವು. 1916ರ ಏಪ್ರಿಲ್ 29ರಂದು ಹಸಿವಿನಿಂದ ಶರಣಾದ ಸುಮಾರು 13,000 ಮಂದಿಯಲ್ಲಿ ಹೆಚ್ಚಿನವರು ಭಾರತೀಯರು. ಈ ದಳದವನೊಬ್ಬ 1916 ಅಥವಾ 1917ರಲ್ಲಿ ಸತ್ತ ಎಂದಿದ್ದರೆ ಅವನು ಸೆರೆಯಲ್ಲಿ, ಮರುಭೂಮಿಯ ನಡಿಗೆಯಲ್ಲೋ ರಾಸ್ ಅಲ್ ಐನ್ ಕಡೆಯ ರೈಲು ಕೆಲಸದಲ್ಲೋ ಸತ್ತಿರುವ ಸಾಧ್ಯತೆಯನ್ನು ಮೊದಲು ಪರಿಶೀಲಿಸಿ.

ಕರ್ನಾಟಿಕ್ ಇನ್‌ಫೆಂಟ್ರಿ ಎಂಬ ಹೆಸರು ಕಂಡ ಕೂಡಲೇ ನಮ್ಮವರು ಎಂದು ಬರೆದುಬಿಡಬೇಡಿ. ಅವು ಮದ್ರಾಸ್ ಸೈನ್ಯದ ದಳಗಳು, ಭರ್ತಿ ಹೆಚ್ಚಾಗಿ ತಮಿಳು, ತೆಲುಗು ಸೀಮೆಯದು.

ಸತ್ತವರ ಪಟ್ಟಿಯಲ್ಲಿ ಹುಡುಕುವುದು

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ ಸಂಸ್ಥೆಯ ಜಾಲತಾಣದಲ್ಲಿ ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಪಟ್ಟಿ ಇದೆ, ಶುಲ್ಕವಿಲ್ಲ. ಅದು ಎಣಿಸುವ ಅವಧಿ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಮತ್ತೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31. ಆದ್ದರಿಂದ ಯುದ್ಧ ಮುಗಿದ ಮೇಲೆ 1919, 1920ರಲ್ಲಿ ಇರಾಕಿನಲ್ಲಿ ಕಾಯಿಲೆಯಿಂದ ಸತ್ತವನೂ ಅದರಲ್ಲಿರಬೇಕು. "ಯುದ್ಧ ಮುಗಿದ ಮೇಲೆ ಸತ್ತ, ಅವನು ಲೆಕ್ಕಕ್ಕಿಲ್ಲ" ಎಂದು ಮನೆಯವರೇ ಬಿಟ್ಟುಕೊಟ್ಟ ಉದಾಹರಣೆ ಬೇಕಾದಷ್ಟಿವೆ.

ಹುಡುಕುವಾಗ ಒಂಟಿ ಹೆಸರಿನ ನಮ್ಮವರ ಹೆಸರು ಅಡ್ಡಹೆಸರಿನ (ಸರ್‌ನೇಮ್) ಖಾನೆಯಲ್ಲಿ ಇರುತ್ತದೆ, ಮೊದಲ ಹೆಸರಿನ ಖಾನೆ ಖಾಲಿ ಬಿಡಿ. ಸೈನ್ಯದ ಖಾನೆಯಲ್ಲಿ ಭಾರತೀಯ ಪಡೆ ಆರಿಸಿ, ಯುದ್ಧವನ್ನೂ ಆರಿಸಿ. ಹೆಸರಿನಿಂದ ಸಿಗದಿದ್ದರೆ ಹೆಸರನ್ನೇ ಬಿಟ್ಟು, 'ಹೆಚ್ಚುವರಿ ಮಾಹಿತಿ' ಖಾನೆಯಲ್ಲಿ ಊರಿನ ಅಥವಾ ಜಿಲ್ಲೆಯ ಹಳೆಯ ಹೆಸರು ಹಾಕಿ. ಇಂಥವನ ಮಗ, ಇಂಥ ಊರು, ಇಂಥ ತಾಲ್ಲೂಕು ಎಂಬ ವಿವರ ಅಲ್ಲಿ ಕೂತಿರುತ್ತದೆ. ಒಂದು ಊರಿನ ಪೂರ್ತಿ ಪಟ್ಟಿ ಮಾಡುವವರಿಗೆ ಇದೇ ಸರಿಯಾದ ದಾರಿ. ಅಲ್ಲೂ ಸಿಗದಿದ್ದರೆ ದಳದ ಹೆಸರು ಹಾಕಿ ಇಡೀ ದಳದ ಪಟ್ಟಿ ಇಳಿಸಿಕೊಂಡು ಕಣ್ಣಾರೆ ಓದಿ. ನೂರಿನ್ನೂರು ಹೆಸರು ಓದಲು ಅರ್ಧ ಗಂಟೆ ಸಾಕು, ಯಂತ್ರಕ್ಕೆ ಗೊತ್ತಾಗದ ಕಾಗುಣಿತ ನಿಮ್ಮ ಕಣ್ಣಿಗೆ ಗೊತ್ತಾಗುತ್ತದೆ.

ಸಿಕ್ಕ ಹೆಸರು ನಿಮ್ಮವನದೇ ಎಂದು ಒಪ್ಪುವ ಮೊದಲು ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ: ತಂದೆಯ ಹೆಸರು, ಊರು, ದಳದೊಡನೆ ಸಂಖ್ಯೆ, ಈ ಮೂರರಲ್ಲಿ ಎರಡಾದರೂ ಕೂಡಬೇಕು. ಹೆಸರೊಂದೇ ಕೂಡಿದರೆ ಸಾಲದು. ಬೇರೆ ಊರಿನ ರಾಮಣ್ಣನನ್ನು ನಿಮ್ಮ ರಾಮಣ್ಣ ಎಂದು ಕಲ್ಲಿನಲ್ಲಿ ಕೆತ್ತಿಸಿದರೆ ಇಬ್ಬರನ್ನೂ ಕಳೆದಂತೆ.

ಪಟ್ಟಿಯಲ್ಲಿ ಅವನಿಗೆ ಯಾವ ಸ್ಮಾರಕ ತೋರಿಸಿದೆ ಎಂಬುದೇ ಅವನು ಎಲ್ಲಿ ಸತ್ತ ಎಂದು ಹೇಳುತ್ತದೆ. ಫ್ರಾನ್ಸಿನ ನ್ಯೂವ್ ಶಾಪೆಲ್ ಎಂದರೆ ಪಶ್ಚಿಮ ರಂಗ, ಅಲ್ಲಿ 4,700ಕ್ಕೂ ಹೆಚ್ಚು ಹೆಸರು ಇವೆ. ಹೀಲಿಯೊಪೊಲಿಸ್ ಎಂದಿದ್ದರೆ ಈಜಿಪ್ಟ್ ಅಥವಾ ಪ್ಯಾಲೆಸ್ಟೈನ್. ಮೂಲ ಸ್ಮಾರಕ ಸೂಯೆಜ್ ಕಾಲುವೆಯ ಬಾಯಲ್ಲಿದ್ದ ಪೋರ್ಟ್ ತೌಫೀಕಿನಲ್ಲಿತ್ತು, ಅರಬ್–ಇಸ್ರೇಲ್ ಯುದ್ಧಗಳ ಕಾಲದಲ್ಲಿ ಹಾಳಾಯಿತು, ಆಮೇಲೆ ಹೆಸರುಗಳನ್ನು ಕೈರೊ ಬಳಿಯ ಹೀಲಿಯೊಪೊಲಿಸ್‌ಗೆ ತಂದರು. ಬಸ್ರಾ ಎಂದರೆ ಮೆಸೊಪೊಟೇಮಿಯಾ. ಆ ಸ್ಮಾರಕವನ್ನೂ 1997ರಲ್ಲಿ ಕಿತ್ತು ಮರುಭೂಮಿಯೊಳಕ್ಕೆ ಸಾಗಿಸಿದರು. ತಾಂಗಾ, ನೈರೋಬಿ ಎಂದರೆ ಪೂರ್ವ ಆಫ್ರಿಕಾ. ದೆಹಲಿಯ ಇಂಡಿಯಾ ಗೇಟಿನ ಮೇಲೆ ಇಂಥವನ ಹೆಸರು ಇದ್ದೇ ಇರುತ್ತದೆಂದು ಬಹಳ ಜನ ನಂಬಿರುತ್ತಾರೆ. ಅಲ್ಲಿ ಕೆತ್ತಿರುವ ಹದಿಮೂರು ಸಾವಿರದಷ್ಟು ಹೆಸರು ವಾಯವ್ಯ ಗಡಿಯಲ್ಲಿ ಮತ್ತು ಮೂರನೇ ಅಫ್ಘಾನ್ ಯುದ್ಧದಲ್ಲಿ ಸತ್ತವರದು. ಕಡಲಾಚೆ ಸತ್ತವನನ್ನು ಅಲ್ಲಿ ಹುಡುಕಿ ನಿರಾಶರಾಗಬೇಡಿ.

ಸತ್ತ ದಿನ ಸಿಕ್ಕಿತೆನ್ನಿ. ಇನ್ನು ಆ ದಿನ ಅಲ್ಲಿ ಏನಾಯಿತು ಎಂದು ತಿಳಿಯಲು ದಳದ ವಾರ್ ಡೈರಿ, ಅಂದರೆ ಯುದ್ಧದ ದಿನಚರಿ ಬೇಕು. ಅವು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯುಓ 95 ಎಂಬ ಸರಣಿಯಲ್ಲಿವೆ, ಕೆಲವನ್ನು ಆನ್‌ಲೈನಿನಲ್ಲೇ ಇಳಿಸಿಕೊಳ್ಳಬಹುದು. ಡೈರಿ ತೆರೆದಾಗ ಎದೆ ಗಟ್ಟಿ ಮಾಡಿಕೊಳ್ಳಿ. ಬ್ರಿಟಿಷ್ ಅಧಿಕಾರಿ ಗಾಯಗೊಂಡರೆ ಹೆಸರು ಇರುತ್ತದೆ, ನಮ್ಮವರು ಸತ್ತರೆ 'ಐ.ಓ.ಆರ್. 3' ಎಂದಷ್ಟೇ ಇರುತ್ತದೆ. ಆ ಮೂರಕ್ಷರದ ಅರ್ಥ ಭಾರತೀಯ ಸಾಮಾನ್ಯ ಸೈನಿಕ. ಅದೇ ದಿನಾಂಕಕ್ಕೆ ಅದೇ ದಳದಲ್ಲಿ ಸತ್ತವರನ್ನು ಕಮಿಷನ್ ಪಟ್ಟಿಯಿಂದ ತೆಗೆದು ಪಕ್ಕದಲ್ಲಿಡಿ. ಅಲ್ಲೂ ಮೂರು, ಇಲ್ಲೂ ಮೂರು ಇದ್ದರೆ ಡೈರಿಯ ಅಂಕಿಗೆ ಹೆಸರು ಬಂತು. ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಯುಳ್ಳ ಹೆಜ್ಜೆ ಇನ್ನೊಂದಿಲ್ಲ.

ಸೆರೆಯಾದವರಿಗೆ ಅಂತರರಾಷ್ಟ್ರೀಯ ರೆಡ್‌ಕ್ರಾಸ್‌ನ 1914–1918ರ ಸೆರೆಯಾಳುಗಳ ಕಾರ್ಡುಗಳು ಜಾಲದಲ್ಲಿವೆ. ಮೈಸೂರು ಸಂಸ್ಥಾನದ ದಳಗಳ ಆಡಳಿತಕ್ಕೆ ಸಂಬಂಧಿಸಿದ ಕಾಗದಕ್ಕಾಗಿ ಬೆಂಗಳೂರಿನ ರಾಜ್ಯ ಪತ್ರಾಗಾರ, ಮತ್ತು ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ಜಾಲತಾಣದಲ್ಲಿ ವಿದೇಶಾಂಗ ಮತ್ತು ರಾಜಕೀಯ ಇಲಾಖೆಯ ಕಡತಗಳು. ಅಲ್ಲಿ ಹುಡುಕಬೇಕಾದ ಪದ 'ಇಂಪೀರಿಯಲ್ ಸರ್ವಿಸ್ ಟ್ರೂಪ್ಸ್'. ಬದುಕಿ ಮರಳಿದ ಸಿಪಾಯಿಯ ಬಿಡಿ ಸೇವಾ ದಾಖಲೆ ಉಳಿದಿರುವುದು ತೀರ ಅಪರೂಪ. ಅಂಥವನಿಗೆ ಪದಕ, ಬಿಡುಗಡೆ ಪತ್ರ, ಪಿಂಚಣಿ ಕಾಗದ ಈ ಮೂರೇ ಆಧಾರ.

ಎರಡನೇ ಮಹಾಯುದ್ಧ, ಆಮೇಲೆ ಶ್ರೀಲಂಕಾ

ಎರಡನೇ ಯುದ್ಧದ ಕ್ರಮವೂ ಇದೇ. ನಕ್ಷತ್ರಾಕಾರದ ಪದಕಗಳು ಯಾವ ರಂಗ ಎಂದು ಹೆಸರಿನಲ್ಲೇ ಹೇಳುತ್ತವೆ: ಬರ್ಮಾ, ಆಫ್ರಿಕಾ, ಇಟಲಿ, ಪೆಸಿಫಿಕ್. ಬ್ರಿಟಿಷರಿಗೆ ಹೆಸರಿಲ್ಲದೆ ಕೊಟ್ಟ ಈ ಪದಕಗಳನ್ನು ಭಾರತೀಯ ಸೈನಿಕರಿಗೆ ಹೆಸರು ಒತ್ತಿ ಕೊಟ್ಟರು, ಹಾಗಾಗಿ ಹಿಂಬದಿ ನೋಡಿ. ಮೈಸೂರು ಇನ್‌ಫೆಂಟ್ರಿಯ ಒಂದನೇ ಬೆಟಾಲಿಯನ್ ಸಿಂಗಾಪುರದಲ್ಲಿತ್ತು, 1942ರ ಫೆಬ್ರವರಿ 15ರಂದು ಆ ನಗರ ಶರಣಾದಾಗ ಸೆರೆಯಾಯಿತು. ಹಳೇ ಮೈಸೂರಿನ ಮನೆಗಳವರು ಕ್ರಾಂಜಿಯ ಸಿಂಗಾಪುರ ಸ್ಮಾರಕದ ಪಟ್ಟಿಯನ್ನು ತಪ್ಪದೆ ನೋಡಬೇಕು.

1987ರ ಜುಲೈಯಿಂದ 1990ರ ಮಾರ್ಚ್‌ವರೆಗೆ ಶ್ರೀಲಂಕಾದಲ್ಲಿದ್ದ ಭಾರತೀಯ ಶಾಂತಿಪಾಲನಾ ಪಡೆಯವರ ವಿಷಯ ಹೇಳದೆ ಮುಂದೆ ಹೋಗುವುದು ಅನ್ಯಾಯ. ಸುಮಾರು 1,200 ಮಂದಿ ಅಲ್ಲಿ ಸತ್ತರು. ಉಳಿದವರು ಮದ್ರಾಸಿನ ಬಂದರಿಗೆ ಬಂದಿಳಿದಾಗ ದೇಶದ ಗಮನ ಬೇರೆಲ್ಲೋ ಇತ್ತು. ಸತ್ತವರ ಹೆಸರುಗಳನ್ನು ಕೊಲಂಬೊ ಪಕ್ಕದ ಶ್ರೀ ಜಯವರ್ಧನಪುರ ಕೋಟ್ಟೆಯ ಸ್ಮಾರಕದಲ್ಲಿ ಕೆತ್ತಿದ್ದಾರೆ. 2019ರ ಫೆಬ್ರವರಿ 25ರಂದು ತೆರೆದ ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಸ್ವಾತಂತ್ರ್ಯಾನಂತರ ಸತ್ತ ಸೈನಿಕರ ಹೆಸರುಗಳಿವೆ. ಆ ಪಡೆಯಲ್ಲಿದ್ದವರು ಇನ್ನೂ ನಮ್ಮ ನಡುವೆ ಇದ್ದಾರೆ, ಬ್ಯಾಂಕಿನಲ್ಲಿ ಕಾವಲು ನಿಂತಿರಬಹುದು, ತೋಟ ನೋಡಿಕೊಂಡಿರಬಹುದು. ಇಲ್ಲಿ ಆರ್ಕೈವ್ಸ್ ಬೇಡ, ಹೋಗಿ ಕೂತು ಕೇಳಿದರೆ ಸಾಕು. ದಳ ಯಾವುದು, ಎಲ್ಲಿ ಇಳಿದಿರಿ, ಜೊತೆಗಿದ್ದವರು ಯಾರು, ಯಾರು ಬರಲಿಲ್ಲ ಎಂದು ಕೇಳಿ. ಎಷ್ಟು ಜನರನ್ನು ಕೊಂದಿರಿ ಎಂದು ಕೇಳಲೇಬೇಡಿ. ಮಾತು ನಿಂತರೆ ನಿಲ್ಲಲಿ, ಒತ್ತಾಯಿಸಬೇಡಿ. ಅವರ ಒಪ್ಪಿಗೆಯಿದ್ದರೆ ಮಾತ್ರ ರೆಕಾರ್ಡ್ ಮಾಡಿ, ಡಿಸ್ಚಾರ್ಜ್ ಪುಸ್ತಕದ ಎಲ್ಲ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಸತ್ತವರ ಪತ್ನಿಯ ಪಿಂಚಣಿಯಲ್ಲಿ ಏನಾದರೂ ತೊಡಕಿದೆಯೆಂದು ಕಂಡರೆ ಪಿಂಚಣಿ ಆದೇಶದ ಪ್ರತಿ ಹಿಡಿದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಜೊತೆಗೆ ಹೋಗಿ. ನೆನಪು ಮಾಡುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಅದು.

ಗೋಡೆಯ ಫಲಕಕ್ಕೆ ಮಾಡಬೇಕಾದದ್ದು, ಮಾಡಬಾರದ್ದು

ನಿಮ್ಮೂರಿನಲ್ಲಿ ಮೊದಲು ಹೇಳಿದಂಥ ಫಲಕವಿದ್ದರೆ ಕೈಹಾಕುವ ಮುನ್ನ ಫೋಟೊ ತೆಗೆಯಿರಿ. ಬೆಳಗಿನ ಏಳರಿಂದ ಎಂಟು ಅಥವಾ ಸಂಜೆ ಐದರ ಸುಮಾರಿಗೆ ಬಿಸಿಲು ಓರೆಯಾಗಿ ಬೀಳುವಾಗ ಕೆತ್ತನೆ ಎದ್ದು ಕಾಣುತ್ತದೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಇನ್ನೊಂದು ಫೋಟೊ, ದೂರದಿಂದ ಕಟ್ಟಡ ಸಮೇತ ಮತ್ತೊಂದು. ಸುಣ್ಣ ತೆಗೆಯಲು ಬರೀ ನೀರು, ಹಲ್ಲುಜ್ಜುವ ಮೆತ್ತನೆಯ ಬ್ರಷ್ಷು, ಬಿದಿರಿನ ಕಡ್ಡಿ ಸಾಕು. ಆಸಿಡ್ ಹಾಕಿದರೆ ಅಮೃತಶಿಲೆಯೇ ಕರಗುತ್ತದೆ. ತಂತಿ ಬ್ರಷ್ಷು, ಮರಳು ಕಾಗದ ಅಕ್ಷರದ ಅಂಚು ತಿನ್ನುತ್ತವೆ. ಓದಲು ಸುಲಭವಾಗಲೆಂದು ಅಕ್ಷರಕ್ಕೆ ಆಯಿಲ್ ಪೇಂಟ್ ತುಂಬುವುದು ಬೇಡ, ತಪ್ಪಾಗಿ ಓದಿ ತುಂಬಿದ ಅಂಕಿ ಮುಂದೆ ಸತ್ಯವಾಗಿ ಕೂತುಬಿಡುತ್ತದೆ. ಕಟ್ಟಡ ಕೆಡವುವ ಸುದ್ದಿ ಕೇಳಿದರೆ ಆ ದಿನವೇ ಪಿಡಿಒ ಅಥವಾ ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಜೆಸಿಬಿ ಬಂದು ನಿಂತ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ.

ಹೆಸರಿನ ಕಲ್ಲು

ಹಳೆಯ ಫಲಕವನ್ನು ತೆಗೆಯದೆ ಅದರ ಪಕ್ಕದಲ್ಲಿ ಹೊಸ ಕಲ್ಲು ನಿಲ್ಲಿಸಿ. ಸಂಖ್ಯೆಯ ಪಕ್ಕದಲ್ಲಿ ಹೆಸರು ಇದ್ದರೆ ಓದುವವರಿಗೆ ತಾನಾಗಿ ಅರ್ಥವಾಗುತ್ತದೆ. ಗ್ರಾಮ ಸಭೆಯಲ್ಲಿ ವಿಷಯ ಇಟ್ಟು ಪಂಚಾಯಿತಿ ನಿರ್ಣಯ ಮಾಡಿಸಿ, ಜಾಗ ಯಾರ ಸುಪರ್ದಿನಲ್ಲಿದೆಯೋ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಸಭೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಬ್ರಿಟಿಷರಿಗಾಗಿ ಹೊಡೆದಾಡಿದವರಿಗೆ ನಮ್ಮ ಕಲ್ಲೇಕೆ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಬೇಡಿ, ಕೇಳುವವರಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಮನೆಯವರೂ ಇರುತ್ತಾರೆ. ಕಲ್ಲು ಆ ಯುದ್ಧವನ್ನು ಹೊಗಳುವುದಿಲ್ಲ, ಈ ಊರಿನ ಮನುಷ್ಯನನ್ನು ಗುರುತಿಸುತ್ತದೆ ಎಂದು ವಿವರಿಸಿ, ಬರಹವನ್ನೂ ಹಾಗೇ ಇಡಿ. ಶೌರ್ಯ, ಬಲಿದಾನ, ಅಮರ ಎಂಬ ಮಾತೊಂದೂ ಬೇಡ. ಸಂಖ್ಯೆ, ದರ್ಜೆ, ಹೆಸರು, ತಂದೆಯ ಹೆಸರು, ದಳ, ಸತ್ತ ದಿನ, ಸತ್ತ ಜಾಗ, ಹೆಸರಿರುವ ಸ್ಮಾರಕ: ಇಷ್ಟೇ. ಕನ್ನಡದಲ್ಲಿ ಹೆಸರು ಬರೆದು ಅದರ ಕೆಳಗೆ ದಾಖಲೆಯಲ್ಲಿರುವ ಇಂಗ್ಲಿಷ್ ಕಾಗುಣಿತವನ್ನು ಸಣ್ಣದಾಗಿ ಹಾಕಿ, ಮುಂದೆ ಹುಡುಕುವವರಿಗೆ ಬೇಕಾಗುತ್ತದೆ. ಸಿಪಾಯಿ ಮೇಲೆ, ಭಿಸ್ತಿ ಕೆಳಗೆ ಎಂದು ಸಾಲು ಮಾಡದೆ ಸತ್ತ ದಿನಾಂಕದ ಕ್ರಮದಲ್ಲಿ ಬರೆಯಿರಿ. ಉದ್ಘಾಟಕರ, ದಾನಿಗಳ ಹೆಸರು ಈ ಮುಖದ ಮೇಲೆ ಬರಕೂಡದು, ಹಾಕಲೇಬೇಕೆಂದರೆ ಹಿಂಬದಿಗೆ.

ಹತ್ತು ಹೆಸರಿಗೆ ನಾಲ್ಕಡಿ ಎತ್ತರ, ಎರಡೂವರೆ ಅಡಿ ಅಗಲದ ಗ್ರಾನೈಟ್ ಸಾಕು. ಹೆಸರಿನ ಅಕ್ಷರ ಒಂದು ಅಂಗುಲ ಇರಲಿ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಸಾಲಿಗೆ ಸಾಲಿಗೆ ಅಕ್ಷರದ ಎತ್ತರದ ಎರಡರಷ್ಟು ಅಂತರ ಬಿಡಿಸಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಮೂರು ಮಿಲಿಮೀಟರಾದರೂ ಆಳ ಕೆತ್ತಿಸಿ. ಮೇಲೆ ಮೇಲೆ ಕೆರೆದು ಬಣ್ಣ ತುಂಬಿದ ಅಕ್ಷರ ಕೆಲವು ಮಳೆಗಾಲಕ್ಕೆ ಮಾಸುತ್ತದೆ. ಕೆಳಗೆ ಮೂರು ಸಾಲಿನಷ್ಟು ಜಾಗ ಖಾಲಿ ಬಿಡಿ, ಇನ್ನೊಂದು ಹೆಸರು ಸಿಕ್ಕೇ ಸಿಗುತ್ತದೆ. ಡಿಟಿಪಿ ಅಂಗಡಿಯಲ್ಲಿ ಒಂದು ಗಂಡಾಂತರ ಕಾದಿರುತ್ತದೆ: ನೀವು ಯೂನಿಕೋಡಿನಲ್ಲಿ ಕೊಟ್ಟದ್ದನ್ನು ಅವರು 'ನುಡಿ' ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ಬದಲಾಯಿಸುತ್ತವೆ. ಕಲ್ಲಿನ ಅಳತೆಯದೇ ಕಾಗದದ ಪ್ರಿಂಟು ತೆಗೆಸಿ, ಮನೆಯವರಿಂದ ಒಂದೊಂದು ಅಕ್ಷರ ಓದಿಸಿ, ಸಹಿ ಹಾಕಿಸಿದ ಮೇಲೆಯೇ ಕೆತ್ತಲು ಬಿಡಿ.

ನೆನಪಿನ ದಿನವಾಗಿ ಆ ಹೆಸರುಗಳಲ್ಲಿ ಒಬ್ಬ ಸತ್ತ ದಿನವನ್ನೇ ಆರಿಸಿ. ಶಾಲೆಯ ಮಕ್ಕಳು ಒಂದೊಂದು ಹೆಸರನ್ನು ದಳದ ಸಮೇತ ಗಟ್ಟಿಯಾಗಿ ಓದಲಿ. ಭಾಷಣವಿಲ್ಲದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಮುಂದಿನ ವರ್ಷವೂ ನಡೆಯುತ್ತದೆ. ದೊಡ್ಡದಾಗಿ ಶಾಮಿಯಾನ ಹಾಕಿ ಶುರುವಾದದ್ದು ಎರಡನೇ ವರ್ಷಕ್ಕೆ ನಿಲ್ಲುತ್ತದೆ.

ಪಟ್ಟಿಯಲ್ಲೇ ಇಲ್ಲದಿದ್ದರೆ

ನಿಮ್ಮ ಬಳಿ ಸ್ಮರಣಫಲಕವಿದೆ, ಪದಕವಿದೆ, ಆದರೆ ಕಮಿಷನ್ ಪಟ್ಟಿಯಲ್ಲಿ ಹೆಸರಿಲ್ಲ ಎಂದಾದರೆ ಅದು ನಿಮ್ಮೊಬ್ಬರ ಕಥೆಯಲ್ಲ. ಕಮಿಷನ್ನಿನ ಸಮಿತಿಯೇ 2021ರಲ್ಲಿ ವರದಿ ಕೊಟ್ಟು ಒಪ್ಪಿಕೊಂಡಿತು: ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತ, ಆಫ್ರಿಕಾ, ಈಜಿಪ್ಟ್ ಮುಂತಾದ ಕಡೆಯ 45,000ದಿಂದ 54,000 ಮಂದಿಗೆ ಇತರರಿಗೆ ಸಿಕ್ಕ ಬಗೆಯ ಗುರುತು ಸಿಗಲಿಲ್ಲ, ಇನ್ನೂ ಕನಿಷ್ಠ 1,16,000 ಮಂದಿಯ ಹೆಸರನ್ನು ಎಲ್ಲೂ ದಾಖಲಿಸಲಿಲ್ಲ ಅಥವಾ ಅವರಿಗೆ ಯಾವ ಸ್ಮರಣೆಯೂ ಸಿಗಲಿಲ್ಲ. ಆ ಸಂಖ್ಯೆ 3,50,000ದವರೆಗೂ ಇರಬಹುದು ಎಂದೂ ಸೇರಿಸಿತು. ಹಾಗಾಗಿ ಹೆಸರು ಸೇರಿಸಿ ಎಂದು ಕಮಿಷನ್ನಿಗೆ ಅರ್ಜಿ ಹಾಕಲು ಹಿಂಜರಿಯುವ ಅಗತ್ಯವಿಲ್ಲ.

ಅರ್ಜಿಯ ಜೊತೆ ಇರಬೇಕಾದ್ದು: ಪದಕದ ಅಂಚಿನ ಎಂಟೂ ಫೋಟೊ, ಸ್ಮರಣಫಲಕದ ಎರಡೂ ಬದಿಯ ಫೋಟೊ, ಕುಟುಂಬ ಪಿಂಚಣಿ ಅಥವಾ ಬಿಡುಗಡೆ ಪತ್ರದ ಸ್ಕ್ಯಾನ್, ಆ ಕಾಲದ ಯಾವುದೇ ಕಾಗದ. ಅವನು ಸೇವೆಯಲ್ಲಿದ್ದ ಎಂಬುದು ಒಂದು, ಕಮಿಷನ್ ಎಣಿಸುವ, ಮೇಲೆ ಹೇಳಿದ ಅವಧಿಯೊಳಗೆ ಸತ್ತ ಎಂಬುದು ಇನ್ನೊಂದು, ಎರಡಕ್ಕೂ ಬೇರೆ ಬೇರೆ ಆಧಾರ ಬೇಕು. ಅರ್ಜಿಗಳು ಬೀಳುವುದು ಸಾಮಾನ್ಯವಾಗಿ ಎರಡನೆಯದರಲ್ಲಿ. ಮನೆಯವರ ಮಾತು ಆಧಾರಕ್ಕೆ ಪೂರಕವೇ ಹೊರತು ಅದೇ ಆಧಾರವಾಗದು. ಕನ್ನಡ ಕಾಗದವಿದ್ದರೆ ಮೂಲದ ಸ್ಕ್ಯಾನ್, ಸಾಲು ಸಾಲಿನ ಇಂಗ್ಲಿಷ್ ಅನುವಾದ ಎರಡನ್ನೂ ಕೊಡಿ. ಮೂಲ ಪದಕವನ್ನಾಗಲಿ ಕಾಗದವನ್ನಾಗಲಿ ಅಂಚೆಯಲ್ಲಿ ಕಳಿಸಬೇಡಿ. ಹೆಸರು ಇದ್ದೂ ಕಾಗುಣಿತ ಅಥವಾ ಊರು ತಪ್ಪಿದ್ದರೆ ತಿದ್ದುಪಡಿಗೂ ಇದೇ ದಾರಿ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಅರ್ಜಿಯ ಸಂಖ್ಯೆಯನ್ನು ಮನೆಯ ಇಬ್ಬರ ಬಳಿ ಬರೆದಿಡಿ, ಅವರಲ್ಲೊಬ್ಬರು ಇಪ್ಪತ್ತರೊಳಗಿನವರಾಗಿರಲಿ.